ಪವಿತ್ರ ಶನಿವಾರ: ಹೊಸ ಬೆಂಕಿ ಹೊತ್ತುವ ಗಳಿಗೆಯಿಂದ ಹಿಂದಕ್ಕೆ ಲೆಕ್ಕ ಹಾಕಿ

ಈಸ್ಟರ್ ಹಬ್ಬದ ಹಿಂದಿನ ದಿನವಾದ ಪವಿತ್ರ ಶನಿವಾರ ಕೆಡುವುದು ಅಡುಗೆಮನೆಯಲ್ಲಿ. ನಸುಕಿಗೆ ಎದ್ದು ಮಸಾಲೆ ಅರೆದು, ಮನೆ ತೊಳೆದು, ಮಟನ್ ಅಂಗಡಿಯ ಸಾಲಿನಲ್ಲಿ ನಿಂತು, ಕೇಕಿಗೆ ಓಡಿ, ಸಂಜೆ ಏಳಕ್ಕೆ ಗಡಬಡಿಸಿ ಸ್ನಾನ ಮಾಡಿ ಚರ್ಚಿಗೆ ಹೋದ ಮನೆಯಾಕೆ ಮೂರನೇ ವಾಚನದ ಹೊತ್ತಿಗೆ ತೂಕಡಿಸುತ್ತಾಳೆ. ತಪ್ಪು ಆಕೆಯದಲ್ಲ, ಎಲ್ಲ ಕೆಲಸ ಒಂದೇ ದಿನಕ್ಕೆ ಬಂದು ಬಿದ್ದದ್ದು. ವರ್ಷದ ಅತಿ ದೊಡ್ಡ ಪೂಜೆ ನಡೆಯುವುದು ಇದೇ ರಾತ್ರಿ, ಅದೂ ಎರಡೂವರೆ ಮೂರು ತಾಸು. ಆ ಪೂಜೆ ಶುರುವಾಗುವುದೇ ಹೊಸ ಬೆಂಕಿಯಿಂದ. ಹಾಗಾಗಿ ಚರ್ಚಿನ ಅಂಗಳದಲ್ಲಿ ಅದು ಎಷ್ಟು ಗಂಟೆಗೆ ಹೊತ್ತುತ್ತದೆ ಎಂದು ಮೊದಲು ಕೇಳಿಕೊಳ್ಳಿ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬುಧವಾರಕ್ಕೆ ಬನ್ನಿ. ಶನಿವಾರದ ಹಗಲು ಆದಷ್ಟು ಖಾಲಿ ಉಳಿಯಬೇಕು. ಕೆಳಗಿನ ಎಲ್ಲ ಲೆಕ್ಕವೂ ಅದಕ್ಕಾಗಿಯೇ.

ಪವಿತ್ರ ಶನಿವಾರ 2026ರಲ್ಲಿ ಏಪ್ರಿಲ್ 4ಕ್ಕೆ, 2027ರಲ್ಲಿ ಮಾರ್ಚ್ 27ಕ್ಕೆ, 2028ರಲ್ಲಿ ಏಪ್ರಿಲ್ 15ಕ್ಕೆ ಬರುತ್ತದೆ. ಪಾಸ್ಖ ಜಾಗರಣೆ, ಅಂದರೆ ಈ ರಾತ್ರಿಯ ಪೂಜೆ, ಕತ್ತಲಾದ ಮೇಲೆಯೇ ಶುರುವಾಗಬೇಕು, ಭಾನುವಾರ ಬೆಳಗಾಗುವ ಮುನ್ನ ಮುಗಿಯಬೇಕು ಎಂಬುದು ಧರ್ಮಸಭೆಯ ನಿಯಮ. ಏಪ್ರಿಲ್ ಮೊದಲ ವಾರ ಹುಬ್ಬಳ್ಳಿಯಲ್ಲಿ ಸೂರ್ಯ ಮುಳುಗುವುದು ಸುಮಾರು 6:40ಕ್ಕೆ. ಸರಿಯಾಗಿ ಕತ್ತಲು ಕವಿಯಲು ಇನ್ನೂ ಮುಕ್ಕಾಲು ತಾಸು ಬೇಕು. ಆದ್ದರಿಂದ ಏಳೂವರೆಗೆ ಮೊದಲು ಜಾಗರಣೆ ಇರುವುದಿಲ್ಲ ಎಂದೇ ಹಿಡಿಯಿರಿ. ಕೆಲವು ಕಡೆ ಹತ್ತೂವರೆ ಹನ್ನೊಂದಕ್ಕೂ ಇಡುತ್ತಾರೆ. ಹಿಂದಿನ ವಾರದ ಗರಿಗಳ ಭಾನುವಾರದ ಪ್ರಕಟಣೆಯನ್ನು ಸರಿಯಾಗಿ ಕೇಳಿಸಿಕೊಳ್ಳಿ. ಹೋದ ವರ್ಷದ ಸಮಯವೇ ಈ ವರ್ಷವೂ ಇರುತ್ತದೆ ಎಂದು ನಂಬಿ ಹೋದವರು ದೀಪದ ಮೆರವಣಿಗೆ ಮುಗಿದ ಮೇಲೆ ಮುಟ್ಟುತ್ತಾರೆ.

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದ ಬಗ್ಗೆ ಹಿರಿಯರ ಬಾಯಲ್ಲಿ ಕೆಲವೊಮ್ಮೆ “ಶನಿವಾರ ಮಧ್ಯಾಹ್ನಕ್ಕೆ ತಪಸ್ಸುಕಾಲ ಮುಗೀತು” ಎಂಬ ಮಾತು ಬರುತ್ತದೆ. ಅದು ಹಳೆಯ ಪದ್ಧತಿಯ ನೆನಪು. ಆಗ ಈ ವಿಧಿಯನ್ನು ಶನಿವಾರ ಬೆಳಿಗ್ಗೆಯೇ ಮಾಡಿ ಮುಗಿಸುತ್ತಿದ್ದರು. ಜಗದ್ಗುರು (ಪೋಪ್) 12ನೇ ಪಿಯುಸ್ 1951ರಲ್ಲಿ ಅದನ್ನು ಮತ್ತೆ ರಾತ್ರಿಗೆ ತಂದರು, 1956ರಿಂದ ಎಲ್ಲ ಕಡೆಯೂ ರಾತ್ರಿಯೇ ಆಯಿತು. ಈಗಿನ ಲೆಕ್ಕದಲ್ಲಿ ತಪಸ್ಸುಕಾಲ ಗುರುವಾರ ಸಂಜೆಯ ಪೂಜೆಗೇ ಮುಗಿಯುತ್ತದೆ. ಆದರೆ ಶುಕ್ರವಾರದ ಪಾಸ್ಖ ಉಪವಾಸವನ್ನು ಸಾಧ್ಯವಾದವರು ಶನಿವಾರವೂ ಮುಂದುವರಿಸಬೇಕೆಂದು ಧರ್ಮಸಭೆ ಹೇಳುತ್ತದೆ.

ಬುಧವಾರ, ಗುರುವಾರ: ನೀರು, ಮಸಾಲೆ, ಬಟ್ಟೆ

ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಲ್ಲಿ ನಳದ ನೀರು ದಿನಾ ಬರುವುದಿಲ್ಲ. ಪವಿತ್ರ ವಾರದಲ್ಲಿ ನಿಮ್ಮ ಓಣಿಗೆ ನೀರು ಬಿಡುವ ದಿನ ಯಾವುದೆಂದು ನೀರು ಬಿಡುವವರನ್ನು ಮೊದಲೇ ಕೇಳಿ, ಮನೆ ತೊಳೆಯುವುದು, ಪರದೆ-ಹಾಸಿಗೆ ಬಟ್ಟೆ ಒಗೆಯುವುದನ್ನು ಆ ದಿನಕ್ಕೇ ಇಟ್ಟುಕೊಳ್ಳಿ. ಶನಿವಾರ ಸಂಜೆ ನಾಲ್ಕೈದು ಮಂದಿ ಒಬ್ಬರ ಹಿಂದೊಬ್ಬರು ಸ್ನಾನ ಮಾಡುವವರಿದ್ದಾರೆ, ಭಾನುವಾರ ನೆಂಟರು ಬರುವವರಿದ್ದಾರೆ. ಶುಕ್ರವಾರ ರಾತ್ರಿ ಟಾಕಿಯಲ್ಲಿ ಕನಿಷ್ಠ 500 ಲೀಟರ್ ಉಳಿದಿರಲಿ.

ಮಸಾಲೆ ಬುಧವಾರವೇ ಗಿರಣಿಗೆ ಹೋಗಲಿ. ಈ ಭಾಗದಲ್ಲಿ ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿಗೆ ಸಾಟಿ ಇಲ್ಲ, ಆದರೆ ಅದರಲ್ಲಿ ಖಾರ ಕಡಿಮೆ. ಹತ್ತು ಮಂದಿಗೆ ಎಲುಬಿನ ಸಮೇತ 2 ಕೆ.ಜಿ. ಮಟನ್ ಸಾಕಾಗುತ್ತದೆ. ಅದಕ್ಕೆ 25 ಬ್ಯಾಡಗಿ ಮೆಣಸಿನಕಾಯಿಯ ಜೊತೆ 8 ಗುಂಟೂರು ಸೇರಿಸಿದರೆ ಸಾರಿಗೆ ಬಣ್ಣವೂ ಇರುತ್ತದೆ, ಖಾರವೂ ಇರುತ್ತದೆ. ಬರೀ ಬ್ಯಾಡಗಿ ಹಾಕಿ ಆಮೇಲೆ ಖಾರ ಸಾಲಲಿಲ್ಲವೆಂದು ಹಸಿ ಖಾರದಪುಡಿ ಸುರಿದರೆ ಸಾರು ಹಸಿವಾಸನೆ ಹೊಡೆಯುತ್ತದೆ. ಬಿಸಿಲಿಗೆ ಒಣಗಿಸಿ, ಮಂದ ಉರಿಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆ ಬೀಸಿಸಿ. ಬಿಸಿ ಇರುವಾಗಲೇ ಡಬ್ಬಿಗೆ ತುಂಬಿದರೆ ಒಳಗೆ ಬೆವರಿ ಗಂಟಾಗುತ್ತದೆ. ಕೊಬ್ಬರಿಯನ್ನು ಮಾತ್ರ ಈಗ ಬೆರೆಸಬೇಡಿ, ಈ ಬಿಸಿಲಿಗೆ ಎರಡೇ ದಿನಕ್ಕೆ ಕಮಟು ವಾಸನೆ ಬರುತ್ತದೆ.

ರಾತ್ರಿಯ ಬಟ್ಟೆ ಗುರುವಾರವೇ ಇಸ್ತ್ರಿ ಆಗಿರಲಿ. ಹತ್ತಿಯದಾದರೆ ಒಳ್ಳೆಯದು. ಜನ ಒತ್ತೊತ್ತಾಗಿ ನಿಂತು ಪ್ರತಿಯೊಬ್ಬರೂ ಉರಿಯುವ ಮೇಣದಬತ್ತಿ ಹಿಡಿದಿರುವಾಗ ಸಿಂಥೆಟಿಕ್ ಸೆರಗು, ಜಾರ್ಜೆಟ್ ದುಪಟ್ಟಾ ಅಪಾಯಕಾರಿ. ಅವು ಉರಿಯುವುದಷ್ಟೇ ಅಲ್ಲ, ಕರಗಿ ಮೈಗೂ ಅಂಟುತ್ತವೆ. ಹುಡುಗಿಯರ ಕೂದಲು ಹೆಣೆದಿರಲಿ.

ಪಾಪನಿವೇದನೆಯನ್ನೂ ಬುಧವಾರಕ್ಕೇ ಮುಗಿಸಿಕೊಳ್ಳುವುದು ಜಾಣತನ. ಶನಿವಾರ ಪಾಪನಿವೇದನೆ ಕೇಳಲು ಅವಕಾಶವಿದೆ ನಿಜ. ಆದರೆ ಒಬ್ಬರೇ ಫಾದರ್ ಇರುವ ಧರ್ಮಕೇಂದ್ರದಲ್ಲಿ ಅವರು ಅಂದು ಬೆಂಕಿಯಿಂದ ಮೈಕಿನವರೆಗೆ ಎಲ್ಲವನ್ನೂ ನೋಡಿಕೊಳ್ಳುತ್ತಿರುತ್ತಾರೆ.

ಶನಿವಾರದ ಹಗಲು

ಬೆಳಿಗ್ಗೆ ಚರ್ಚಿಗೆ ಹೋದರೆ ಬಲಿಪೀಠ ಬರಿದಾಗಿರುತ್ತದೆ, ಪ್ರಸಾದಪೆಟ್ಟಿಗೆ ತೆರೆದು ಖಾಲಿ ಇರುತ್ತದೆ, ಅದರ ಮುಂದಿನ ದೀಪವೂ ಇಲ್ಲ. ಆ ದಿನ ಬಲಿಪೂಜೆ ಇಲ್ಲ, ಮದುವೆ ಇಲ್ಲ. ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಮರಣಾವಸ್ಥೆಯಲ್ಲಿರುವವರಿಗೆ ಮಾತ್ರ. ಖಾಲಿ ಪೆಟ್ಟಿಗೆಯ ಮುಂದೆ ರೂಢಿಯಿಂದ ಮೊಣಕಾಲೂರುವವರೇ ಹೆಚ್ಚು. ಶುಕ್ರವಾರ ಶಿಲುಬೆ ಆರಾಧನೆ ಆದಾಗಿನಿಂದ ಜಾಗರಣೆ ಶುರುವಾಗುವವರೆಗೆ ಮೊಣಕಾಲೂರಬೇಕಾದದ್ದು ಆ ಶಿಲುಬೆಯ ಮುಂದೆ. ಮಕ್ಕಳಿಗೆ ಇದನ್ನು ಅಲ್ಲೇ ತೋರಿಸಿ ಹೇಳಿದರೆ ಮತ್ತೆ ಮರೆಯುವುದಿಲ್ಲ.

ಉಪವಾಸದ ವಿಷಯದಲ್ಲಿ ಗೊಂದಲ ಬೇಡ. ಕಡ್ಡಾಯ ಉಪವಾಸ ಶುಭ ಶುಕ್ರವಾರದ್ದು, ಅದೂ 18 ತುಂಬಿದವರಿಂದ 59 ತುಂಬುವವರೆಗೆ. ಶನಿವಾರದ್ದು ಇಚ್ಛೆಯದು. ಆದರೂ ಈ ಭಾಗದ ಬಹುತೇಕ ಮನೆಗಳಲ್ಲಿ ಅಂದು ಮಾಂಸ ಬೇಯಿಸುವುದಿಲ್ಲ. ಅದು ನಿಯಮವಲ್ಲ, ರೂಢಿ. ಒಳ್ಳೆಯ ರೂಢಿಯೇ. ಮಧ್ಯಾಹ್ನಕ್ಕೆ ಗಂಜಿ-ಉಪ್ಪಿನಕಾಯಿ, ಇಲ್ಲವೇ ಎರಡು ರೊಟ್ಟಿ, ಸ್ವಲ್ಪ ಪಲ್ಯ ಸಾಕು. ಸಕ್ಕರೆ ಕಾಯಿಲೆ ಇದ್ದು ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು, ಎಳೆಯ ಮಗುವಿನ ತಾಯಂದಿರು ಉಪವಾಸಕ್ಕೆ ಕೈಹಾಕಬಾರದು. 36-37 ಡಿಗ್ರಿ ಬಿಸಿಲಲ್ಲಿ ಹಗಲೆಲ್ಲ ಖಾಲಿ ಹೊಟ್ಟೆಯಲ್ಲಿದ್ದು ರಾತ್ರಿ ಧೂಪದ ಹೊಗೆಯಲ್ಲಿ ನಿಂತವರು ತಲೆ ಸುತ್ತಿ ಬೀಳುತ್ತಾರೆ. ನೀರನ್ನಂತೂ ಯಾರೂ ಬಿಡಬೇಡಿ.

ಮಧ್ಯಾಹ್ನ ಮೂರಕ್ಕೆ ಮನೆಯಲ್ಲಿ ಹದಿನೈದು ಇಪ್ಪತ್ತು ನಿಮಿಷದ ಪ್ರಾರ್ಥನೆ ಇಟ್ಟುಕೊಳ್ಳಿ. ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಶಿಲುಬೆ. ಹೂವು ಬೇಡ, ದೀಪವೂ ಬೇಡ. ಮತ್ತಾಯನ ಶುಭಸಂದೇಶದ 27ನೇ ಅಧ್ಯಾಯ, 57ರಿಂದ 66ರವರೆಗೆ ಒಬ್ಬರು ಓದಲಿ: ಅರಿಮಥಾಯದ ಜೋಸೆಫ್ ಪಾರ್ಥಿವ ಶರೀರವನ್ನು ಕೇಳಿ ಪಡೆದದ್ದು, ಸಮಾಧಿಗೆ ಕಲ್ಲು ಉರುಳಿಸಿದ್ದು, ಕಾವಲು ಇಟ್ಟದ್ದು. ಐದು ನಿಮಿಷ ಮೌನ. ಆಮೇಲೆ 130ನೇ ಕೀರ್ತನೆ, ಬೇಕಿದ್ದರೆ ಜಪಸರದ ದುಃಖದ ರಹಸ್ಯಗಳು. ಅಲ್ಲೆಲೂಯ ಎಂಬ ಪದ ಈ ಹೊತ್ತಿನಲ್ಲಿ ಯಾರ ಬಾಯಿಂದಲೂ ಬರಬಾರದು. ಸಂಜೆಗೆ ಹಾಡು ಅಭ್ಯಾಸ ಮಾಡುವ ಹುಡುಗರಿಗೆ ಇದನ್ನು ಹೇಳಿಡಿ, ಯಾಕೆಂದರೆ ಅವರು ಮುಂಜಾನೆಯಿಂದಲೇ ಅದನ್ನು ಗುನುಗುತ್ತಿರುತ್ತಾರೆ.

ಪ್ರಾರ್ಥನೆಗೆ ಮುಂಚೆ ಒಂದು ಗಂಟೆಯಾದರೂ ಎಲ್ಲರೂ ಮಲಗಿ. ಮಕ್ಕಳಿಗೆ ಇದು ಕಡ್ಡಾಯ. ಹಗಲು ನಿದ್ದೆ ಇಲ್ಲದ ಆರು ವರ್ಷದ ಮಗು ರಾತ್ರಿ ಒಂಬತ್ತಕ್ಕೆ ಅಳಲು ಶುರುಮಾಡುತ್ತದೆ, ಆಗ ತಾಯಿಯ ಜಾಗರಣೆ ಚರ್ಚಿನ ಹೊರಗೇ ಮುಗಿಯುತ್ತದೆ.

ತತ್ತಿ, ಹಿಟ್ಟು, ಮಟನ್

ಶನಿವಾರ ಒಲೆಯ ಕೆಲಸ ಮಾಡಲೇಬೇಕೆಂದರೆ ಅದು ತತ್ತಿಯದಿರಲಿ, ಮಕ್ಕಳೂ ಸೇರಿಕೊಳ್ಳುತ್ತಾರೆ. ಹಿಂದೆ ತಪಸ್ಸುಕಾಲದಲ್ಲಿ ತತ್ತಿಯೂ ನಿಷಿದ್ಧವಾಗಿತ್ತು, ಕೋಳಿ ಮಾತ್ರ ಇಡುವುದನ್ನು ನಿಲ್ಲಿಸುತ್ತಿರಲಿಲ್ಲ. ಹಬ್ಬದ ಹೊತ್ತಿಗೆ ರಾಶಿ ಬಿದ್ದಿರುತ್ತಿತ್ತು. ಬಣ್ಣಕ್ಕೆ ಅಂಗಡಿಯ ಪುಡಿ ಬೇಕಿಲ್ಲ. ಹನ್ನೆರಡು ಉಳ್ಳಾಗಡ್ಡಿಯ ಒಣ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಸೋಸಿ, ಎರಡು ದೊಡ್ಡ ಚಮಚ ವಿನೆಗರ್ ಹಾಕಿದರೆ ಕೆಂಪು ಕಂದು ಬಣ್ಣ ಸಿದ್ಧ. ಅರಿಶಿನದಿಂದ ಹಳದಿ ಬರುತ್ತದೆ, ಬೀಟ್‌ರೂಟ್‌ನಿಂದ ತಿಳಿ ಗುಲಾಬಿ. ವಿನೆಗರ್ ಬಿಟ್ಟರೆ ಬಣ್ಣ ಚಿಪ್ಪಿಗೆ ಹಿಡಿಯದೆ ಒರೆಸಿದಾಗ ಹೋಗುತ್ತದೆ. ಬಿಳಿ ಚಿಪ್ಪಿನ ತತ್ತಿಯನ್ನೇ ಆರಿಸಿ. ನಾಟಿ ಕೋಳಿಯ ಕಂದು ತತ್ತಿಯ ಮೇಲೆ ಅರಿಶಿನ ಕಾಣುವುದೇ ಇಲ್ಲ.

ಫ್ರಿಜ್‌ನಿಂದ ತೆಗೆದ ತಣ್ಣನೆಯ ತತ್ತಿಯನ್ನು ಕುದಿಯುವ ನೀರಿಗೆ ಬಿಟ್ಟರೆ ಚಿಪ್ಪು ಬಿರಿಯುತ್ತದೆ. ಅರ್ಧ ಗಂಟೆ ಹೊರಗಿಟ್ಟು, ತಣ್ಣೀರಿನಲ್ಲಿ ಮುಳುಗಿಸಿ, ಒಂದು ಚಮಚ ಉಪ್ಪು ಹಾಕಿ ಒಲೆಯ ಮೇಲಿಡಿ. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಆಮೇಲೆ ಬಣ್ಣದ ನೀರಿನಲ್ಲಿ ಒಂದು ತಾಸು ಬಿಟ್ಟು, ಒಣಗಿದ ಮೇಲೆ ಎರಡು ಹನಿ ಎಣ್ಣೆ ಸವರಿದರೆ ಹೊಳಪು ಬರುತ್ತದೆ. ಈ ಸೆಕೆಯಲ್ಲಿ ಬೇಯಿಸಿದ ತತ್ತಿಯನ್ನು ಹೆಚ್ಚು ಹೊತ್ತು ಹೊರಗಿಡಬಾರದು. ಬುಟ್ಟಿಯಲ್ಲಿ ಜೋಡಿಸಿ ಹಾಲ್‌ನಲ್ಲಿಟ್ಟು ರಾತ್ರಿಯೆಲ್ಲ ಬಿಟ್ಟ ತತ್ತಿ ನೋಡಲಿಕ್ಕೆ ಮಾತ್ರ, ತಿನ್ನಲು ಅಲ್ಲ.

ಗೋವಾ, ಮಂಗಳೂರು ಮೂಲದ ಮನೆಗಳಲ್ಲಿ ಭಾನುವಾರಕ್ಕೆ ಸನ್ನ (ಇಡ್ಲಿಯಂಥ ಅಕ್ಕಿಯ ತಿಂಡಿ) ಆಗಲೇಬೇಕು. ಸೇಂದಿ ಇಲ್ಲಿ ಸಿಗುವುದಿಲ್ಲ, ಯೀಸ್ಟ್ ಮೇಲೆಯೇ ನಡೆಯಬೇಕು. ಅರ್ಧ ಕೆ.ಜಿ. ಕುಚ್ಚಲಕ್ಕಿ, ಕಾಲು ಕೆ.ಜಿ. ಬೆಳ್ತಿಗೆ ಅಕ್ಕಿ, 150 ಗ್ರಾಂ ಉದ್ದಿನಬೇಳೆ. ಶನಿವಾರ ಬೆಳಿಗ್ಗೆ ನೆನೆಹಾಕಿ ಮಧ್ಯಾಹ್ನ ರುಬ್ಬಿ. ಕರಾವಳಿಯ ಪಾಕದಲ್ಲಿ ಒಂದು ಚಮಚ ಯೀಸ್ಟ್ ಎಂದಿದ್ದರೆ ಇಲ್ಲಿಯ ಏಪ್ರಿಲ್‌ಗೆ ಅರ್ಧ ಚಮಚ ಸಾಕು. ಅದನ್ನೂ ಶನಿವಾರ ಹಾಕಬೇಡಿ. ಹಿಟ್ಟನ್ನು ಹಾಗೇ ಫ್ರಿಜ್‌ನಲ್ಲಿಡಿ, ಭಾನುವಾರ ಎದ್ದೊಡನೆ ಉಗುರುಬೆಚ್ಚಗಿನ ನೀರಿನಲ್ಲಿ ಯೀಸ್ಟ್, ಒಂದು ಚಮಚ ಸಕ್ಕರೆ ಕದಡಿ ಬೆರೆಸಿದರೆ ಒಂದೂವರೆ ತಾಸಿಗೆ ಉಬ್ಬುತ್ತದೆ. ಶನಿವಾರ ಸಂಜೆಯೇ ಯೀಸ್ಟ್ ಹಾಕಿ ಜಾಗರಣೆಗೆ ಹೋದರೆ ವಾಪಸ್ ಬಂದಾಗ ಹಿಟ್ಟು ಪಾತ್ರೆ ಬಿಟ್ಟು ಕಟ್ಟೆಯ ಮೇಲಿರುತ್ತದೆ, ಬೆಳಿಗ್ಗೆಗೆ ಹುಳಿ.

ಮಟನ್ ಹೇಳಿಡುವುದು ಶುಕ್ರವಾರ, ತರುವುದು ಭಾನುವಾರ ಬೆಳಿಗ್ಗೆ ಆರೂವರೆಗೆ. ಇದು ನಮ್ಮ ಅಭಿಪ್ರಾಯ. ಶನಿವಾರವೇ ತಂದು ಉಪ್ಪು, ಅರಿಶಿನ, ಶುಂಠಿ-ಬೆಳ್ಳುಳ್ಳಿ ಸವರಿ ಫ್ರಿಜ್‌ನಲ್ಲಿಡುವವರು ಇದ್ದಾರೆ, ತಪ್ಪೇನಿಲ್ಲ. ಆದರೆ ಅಡ್ಡಮಳೆಯ ಕಾಲ. ಸಂಜೆ ಗಾಳಿ ಎದ್ದು ಕರೆಂಟು ಹೋಗಿ ನಾಲ್ಕು ತಾಸು ಬರದಿದ್ದರೆ ಎರಡು ಕೆ.ಜಿ. ಮಾಂಸದ ಕಥೆ ಮುಗಿಯಿತು, ನೀವು ಚರ್ಚಿನಲ್ಲಿರುವುದರಿಂದ ಅದು ಗೊತ್ತೂ ಆಗುವುದಿಲ್ಲ.

ನೆರೆಮನೆಯವರಿಗೆ ಹಂಚುವ ಮುನ್ನ ಒಂದು ಮಾತು. ಲಿಂಗಾಯತ, ಬ್ರಾಹ್ಮಣ, ಜೈನ ಮನೆಗಳಿಗೆ ಕೇಕ್ ಕೊಡುವುದಾದರೆ ತತ್ತಿ ಹಾಕದ್ದನ್ನು ಹೇಳಿ ತರಿಸಿ, ಪೆಟ್ಟಿಗೆಯ ಮೇಲೆ ಬರೆಸಿ. ಅವರು ಮುಖದ ಮೇಲೆ ಬೇಡ ಎನ್ನುವುದಿಲ್ಲ, ತೆಗೆದುಕೊಂಡು ಕೆಲಸದವಳಿಗೆ ಕೊಡುತ್ತಾರೆ. ಧಾರವಾಡ ಪೇಡೆ ಕೊಟ್ಟರೆ ಈ ತೊಂದರೆಯೇ ಇಲ್ಲ.

ಚರ್ಚಿನ ಸೇವೆ ಹೊತ್ತವರು

ನಿಮ್ಮ ಕುಟುಂಬಕ್ಕೆ ಬೆಂಕಿಯ ಕೆಲಸ ಬಂದಿದ್ದರೆ ಅದನ್ನು ಹಗುರಾಗಿ ನೋಡಬೇಡಿ. ಎರಡು ಅಡಿ ಅಗಲದ ಕಬ್ಬಿಣದ ಕಡಾಯಿ, ಕೆಳಗೆ ಇಟ್ಟಿಗೆ, ಒಳಗೆ ಮೂರು ಬೆರಳು ಮರಳು. ಚೆನ್ನಾಗಿ ಒಣಗಿದ ಜಾಲಿ ಕಟ್ಟಿಗೆ ಸೀಳು 8ರಿಂದ 10 ಕೆ.ಜಿ., ಆರೆಂಟು ತೆಂಗಿನ ಚಿಪ್ಪು, ಒಂದು ಹಿಡಿ ಕರ್ಪೂರ. ಜಾಲಿ ಒಳ್ಳೆಯ ಕೆಂಡ ಕೊಡುತ್ತದೆ. ಧೂಪಾರತಿಗೆ ಕೆಂಡ ಈ ಬೆಂಕಿಯಿಂದಲೇ ಹೋಗಬೇಕು, ಆದ್ದರಿಂದ ಉದ್ದನೆಯ ಇಕ್ಕಳವೂ ಹತ್ತಿರ ಇರಲಿ. ಪೆಟ್ರೋಲ್ ಬೇಡವೇ ಬೇಡ. ಸುರಿದು ಕಡ್ಡಿ ಗೀರುವಷ್ಟರಲ್ಲಿ ಆವಿ ಸುತ್ತಲೂ ಹರಡಿ ಭಗ್ಗೆನ್ನುತ್ತದೆ. ಸೀಮೆಎಣ್ಣೆಯ ಮಸಿ ಫಾದರರ ಬಿಳಿ ಉಡುಪಿನ ಮೇಲೆ ಕೂರುತ್ತದೆ. ಶಾಮಿಯಾನ, ತಂತಿ, ಒಣ ಮರದಿಂದ ಹದಿನೈದು ಅಡಿ ದೂರ, ಗಾಳಿಗೆ ಕಟ್ಟಡ ಅಡ್ಡವಾಗುವ ಜಾಗ ನೋಡಿ. ಎರಡು ಬಕೇಟು ನೀರು, ಒಂದು ಬಕೇಟು ಮರಳು ಪಕ್ಕದಲ್ಲೇ. ಫಾದರ್ ಬರುವುದಕ್ಕೆ ಹದಿನೈದು ನಿಮಿಷ ಮೊದಲು ಹೊತ್ತಿಸಿದರೆ ಅವರು ಬಂದಾಗ ಜ್ವಾಲೆ ನಿಂತಿರುತ್ತದೆ.

ಹೊಸ ಬೆಂಕಿಯಿಂದ ಹೊತ್ತಿಸಿ ಮೆರವಣಿಗೆಯಲ್ಲಿ ಒಯ್ಯುವ ದೊಡ್ಡ ಪಾಸ್ಖ ಮೇಣದಬತ್ತಿ ಪ್ರತಿ ವರ್ಷ ಹೊಸದಾಗಬೇಕು, ಒಂದೇ ಇರಬೇಕು, ನಿಜವಾದ ಮೇಣದ್ದಾಗಿರಬೇಕು. ಒಳಗೆ ಎಣ್ಣೆ ತುಂಬುವ ಪ್ಲಾಸ್ಟಿಕ್ ಕೊಳವೆ ನಡೆಯುವುದಿಲ್ಲ. ಅದನ್ನು ತರಿಸಿ ತಗಡಿನ ಮಾಡಿನ ಕೋಣೆಯಲ್ಲಿ ನಿಲ್ಲಿಸಿಟ್ಟರೆ ಶನಿವಾರದ ಹೊತ್ತಿಗೆ ಬಿಲ್ಲಿನಂತೆ ಬಾಗಿರುತ್ತದೆ. ರದ್ದಿ ಪೇಪರ್ ಸುತ್ತಿ, ತಂಪು ಕೋಣೆಯ ನೆಲದ ಮೇಲೆ ಸಪಾಟಾಗಿ ಮಲಗಿಸಿ. ಶನಿವಾರ ಬೆಳಿಗ್ಗೆ ಎರಡು ಕೆಲಸ ಮಾಡಿಡಿ. ಹೊಸ ಬತ್ತಿಯನ್ನು ಎರಡು ನಿಮಿಷ ಉರಿಸಿ ಆರಿಸಿದರೆ ಮೇಣ ಬತ್ತಿಗೆ ಇಳಿದು ರಾತ್ರಿ ಗಾಳಿಯಲ್ಲಿ ಬೇಗ ಹತ್ತುತ್ತದೆ. ಐದು ಧೂಪದ ಮೊಳೆ ಕೂರುವ ಜಾಗಕ್ಕೆ ಕಾಯಿಸಿದ ಮೊಳೆಯಿಂದ ತೂತು ಮಾಡಿದರೆ ಕತ್ತಲಲ್ಲಿ ಒತ್ತುವಾಗ ಮೇಣ ಸೀಳುವುದಿಲ್ಲ. ಶಿಲುಬೆ, ಅದರ ಮೇಲೆ ಆಲ್ಫಾ, ಕೆಳಗೆ ಒಮೇಗ, ನಾಲ್ಕು ಮೂಲೆಗೆ ವರ್ಷದ ನಾಲ್ಕು ಅಂಕಿ. ಹೋದ ವರ್ಷದ ಅಂಕಿಯ ಸ್ಟಿಕ್ಕರ್ ಬಂದಿಲ್ಲ ತಾನೇ ಎಂದು ಹಗಲಲ್ಲೇ ನೋಡಿ. ಬೆಂಕಿಯಿಂದ ಬತ್ತಿಗೆ ಜ್ವಾಲೆ ಮುಟ್ಟಿಸಲು ಎರಡು ಅಡಿಯ ಬಿದಿರು ಸೀಳು ಬೇಕು. ಹೊಸ ಬೆಂಕಿಯಿಂದಲೇ ಒಂದು ಕಂದೀಲನ್ನೂ ಹೊತ್ತಿಸಿ ಪಕ್ಕಕ್ಕಿಟ್ಟರೆ ದಾರಿಯಲ್ಲಿ ಬತ್ತಿ ಆರಿದಾಗ ಯಾರೂ ಜೇಬಿನಿಂದ ಲೈಟರ್ ತೆಗೆಯಬೇಕಾಗುವುದಿಲ್ಲ.

ವಾಚಕರಿಗೆ: ಜಾಗರಣೆಗೆ ಒಟ್ಟು ಒಂಬತ್ತು ವಾಚನ, ಹಳೆಯ ಒಡಂಬಡಿಕೆಯಿಂದ ಏಳು, ಹೊಸದರಿಂದ ಪತ್ರ ಮತ್ತು ಶುಭಸಂದೇಶ. ಏಳನ್ನು ಮೂರಕ್ಕೆ ಇಳಿಸಬಹುದು, ಆದರೆ ವಿಮೋಚನಾಕಾಂಡದ 14ನೇ ಅಧ್ಯಾಯ, ಕೆಂಪು ಸಮುದ್ರ ದಾಟಿದ್ದು, ಯಾವ ಕಾರಣಕ್ಕೂ ಬಿಡುವಂತಿಲ್ಲ. ಆದಿಕಾಂಡದ ಸೃಷ್ಟಿಯ ವಾಚನ ಆರೇಳು ನಿಮಿಷದ್ದು. ಅದರಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುವುದರಿಂದ ಕಣ್ಣು ಸಾಲು ಹಾರುತ್ತದೆ. ಬೆರಳಿಟ್ಟು ಓದಲು ನಾಚಬೇಡಿ. ಬಾರೂಕ ಪ್ರವಾದಿಯ ವಾಚನ ಬಂದವರು ಮೂರು ಸಲವಾದರೂ ಗಟ್ಟಿಯಾಗಿ ಓದಿ ನೋಡಿ, ವಾಕ್ಯಗಳು ಉದ್ದ. ಪೂಜಾವಿಧಿಯ ಪ್ರಕಾರ ದೀಪದ ಮೆರವಣಿಗೆಯಲ್ಲಿ ಹಾಡುವ ಮೂರನೇ “ಕ್ರಿಸ್ತಜ್ಯೋತಿ”ಯ ನಂತರ ಚರ್ಚಿನ ದೀಪ ಹಚ್ಚಬೇಕು, ಬಲಿಪೀಠದ ಮೇಣದಬತ್ತಿಗಳು ಮಾತ್ರ ಮಹಿಮೆಯ ಗೀತೆಯವರೆಗೆ ಕಾಯಬೇಕು. ಹಲವು ಚರ್ಚುಗಳಲ್ಲಿ ಆ ಗೀತೆಯವರೆಗೂ ಇಡೀ ಚರ್ಚನ್ನೇ ಕತ್ತಲಲ್ಲಿಡುತ್ತಾರೆ. ನಿಮ್ಮಲ್ಲಿ ಹಾಗಿದ್ದರೆ ವಾಚನಪೀಠಕ್ಕೆ ಬ್ಯಾಟರಿಯ ದೀಪ ಬೇಕು. ಬೆಳಗಾವಿ ಧರ್ಮಪ್ರಾಂತ್ಯದ ಈ ಭಾಗದಲ್ಲಿ ಕನ್ನಡಿಗರ ಜೊತೆ ಕೊಂಕಣಿಗರು, ರೈಲ್ವೆಯಿಂದ ಬಂದು ನೆಲೆಸಿದ ತಮಿಳರು, ತೆಲುಗರೂ ಇದ್ದಾರೆ. ವಾಚನಗಳನ್ನು ಭಾಷೆಗೊಂದರಂತೆ ಹಂಚಿದ್ದರೆ ನಿಮ್ಮದು ಯಾವ ಭಾಷೆಯಲ್ಲಿ, ಎಷ್ಟನೆಯದು ಎಂದು ಬರೆದುಕೊಳ್ಳಿ.

ಹೂವಿನವರು ಸುಗಂಧರಾಜ, ಬಿಳಿ ಸೇವಂತಿಗೆಯನ್ನು ಶನಿವಾರ ಬೆಳಿಗ್ಗೆಯೇ ತಂದು, ದಂಟಿನ ತುದಿ ಓರೆಯಾಗಿ ಕತ್ತರಿಸಿ ನೀರಲ್ಲಿಟ್ಟು, ಮೇಲೆ ತೊಯ್ಸಿದ ಗೋಣಿಚೀಲ ಹೊದಿಸಿ. ಜೋಡಿಸುವುದು ನಾಲ್ಕರ ನಂತರ. ಫ್ಯಾನಿನ ಕೆಳಗೆ ಇಡಬೇಡಿ.

ಸಂಜೆ ಹೊರಡುವಾಗ

ಐದೂವರೆಗೆ ಉಪ್ಪಿಟ್ಟು ಅಥವಾ ಅವಲಕ್ಕಿ ತಿಂದು ಮುಗಿಸಿ. ಪರಮಪ್ರಸಾದಕ್ಕೆ ಒಂದು ತಾಸು ಮೊದಲು ಏನೂ ತಿನ್ನಬಾರದೆಂಬ ನಿಯಮಕ್ಕೆ ಇದರಿಂದ ಅಡ್ಡಿಯಿಲ್ಲ, ಪ್ರಸಾದ ಸ್ವೀಕರಿಸುವ ಹೊತ್ತಿಗೆ ಮೂರ್ನಾಲ್ಕು ತಾಸು ಆಗಿರುತ್ತದೆ. ನೀರು, ಔಷಧಿ ಆ ನಿಯಮಕ್ಕೆ ಬರುವುದಿಲ್ಲ. ವೃದ್ಧರಿಗೆ, ರೋಗಿಗಳಿಗೆ ನಿಯಮವೇ ಇಲ್ಲ.

ಚೀಲದಲ್ಲಿ ಇರಬೇಕಾದದ್ದು: ತಲೆಗೊಂದು ಬೆರಳು ದಪ್ಪದ ಮೇಣದಬತ್ತಿ, ಪ್ರತಿಯೊಂದಕ್ಕೂ ತಳ ತೂತು ಮಾಡಿದ ಕಾಗದದ ಲೋಟ, ತೀರ್ಥಕ್ಕೆ ಅರ್ಧ ಲೀಟರಿನ ಸ್ವಚ್ಛ ಬಾಟಲಿ, ಕುಡಿಯುವ ನೀರು, ಮಕ್ಕಳಿಗೆ ಒಂದು ಶಾಲು. ಮೇಣದಬತ್ತಿ ಎರಡು ಸಲ ಉರಿಯುತ್ತದೆ, ಒಟ್ಟು ಅರ್ಧ ಗಂಟೆಯ ಮೇಲೆ. ಸಪೂರ ಬತ್ತಿ ತಂದವರಿಗೆ ಎರಡನೇ ಸಲಕ್ಕೆ ಕೈ ಸುಡುವಷ್ಟೇ ಉಳಿದಿರುತ್ತದೆ. ಕೂರಲು ಜಾಗ ಬೇಕಾದ ಅಜ್ಜ-ಅಜ್ಜಿಯರಿದ್ದರೆ ಮುಕ್ಕಾಲು ತಾಸು ಮೊದಲೇ ಹೋಗಿ ಅವರನ್ನು ಒಳಗೆ ಕೂರಿಸಿ, ಉಳಿದವರು ಬೆಂಕಿಯ ಹತ್ತಿರ ಬನ್ನಿ. ವಾಪಸಾಗುವ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದ ನಡುವಿನ ಚಿಗರಿ ಬಸ್ಸನ್ನು ನಂಬಿ ಕೂರಬೇಡಿ, ಆಟೋದವರಿಗೆ ಮೊದಲೇ ಹೇಳಿಡಿ. ಗದಗ, ಹಾವೇರಿಯ ಹಳ್ಳಿಗಳಿಂದ ಪಟ್ಟಣದ ಚರ್ಚಿಗೆ ಬರುವವರು ನಾಲ್ಕು ಮನೆ ಸೇರಿ ಟ್ರ್ಯಾಕ್ಸ್ ಮಾಡುವುದು ಒಳ್ಳೆಯದು. ಪೂಜೆ ಮುಗಿಯುವ ಗಂಟೆಯನ್ನು ಡ್ರೈವರಿಗೆ ಅರ್ಧ ತಾಸು ಹೆಚ್ಚಿಗೆ ಹೇಳಿ. ಅಂದು ವಯಸ್ಕರ ಜ್ಞಾನಸ್ನಾನವಿದ್ದರೆ ದೃಢೀಕರಣವೂ ಜೊತೆಗೇ ಆಗುತ್ತದೆ, ಹೊತ್ತು ಹಿಡಿಯುತ್ತದೆ.

ಜಾಗರಣೆಯ ಒಳಗೆ

ಬೆಂಕಿಯ ಸುತ್ತ ನಿಂತಾಗ ಮೊಬೈಲು ಜೇಬಿನಲ್ಲಿರಲಿ. ಇನ್ನೂರು ಪರದೆಗಳ ಬೆಳಕಿನಲ್ಲಿ ಒಂದು ಬತ್ತಿ ಕತ್ತಲನ್ನು ಸೀಳುವುದು ಕಾಣುವುದಿಲ್ಲ. “ಕ್ರಿಸ್ತಜ್ಯೋತಿ” ಎಂದು ಹಾಡುವುದು ಮೂರು ಸಲ: ಚರ್ಚಿನ ಬಾಗಿಲಲ್ಲಿ, ನಡುವಿನಲ್ಲಿ, ಬಲಿಪೀಠದ ಮುಂದೆ. ಪ್ರತಿ ಸಲವೂ “ದೇವರಿಗೆ ಕೃತಜ್ಞತೆ” ಎಂದು ಉತ್ತರ. ಜನರ ಮೇಣದಬತ್ತಿ ಹೊತ್ತುವುದು ಎರಡನೇ ಸಲದ ನಂತರ. ಹೊತ್ತಿಸಿಕೊಳ್ಳುವಾಗ ಉರಿಯುವ ಬತ್ತಿ ನೆಟ್ಟಗಿರಬೇಕು, ಹೊತ್ತದ ಬತ್ತಿ ಅದರತ್ತ ಬಾಗಬೇಕು. ಇದು ತಲೆಕೆಳಗಾದಾಗಲೇ ಮುಂದಿನವರ ಬೆನ್ನಿಗೆ ಬಿಸಿ ಮೇಣ ಬೀಳುವುದು. ಏಳು ವರ್ಷದೊಳಗಿನ ಮಕ್ಕಳ ಕೈಮೇಲೆ ದೊಡ್ಡವರ ಕೈಯಿರಲಿ.

ಪಾಸ್ಖ ಘೋಷಣೆ ಎಂಬ ಸ್ತುತಿಗೀತೆಯನ್ನು ಬತ್ತಿ ಹಿಡಿದು ನಿಂತೇ ಕೇಳಬೇಕು, ದೀರ್ಘ ರೂಪ ಹತ್ತು ನಿಮಿಷ. ಆಮೇಲೆ ಬತ್ತಿ ಆರಿಸಿ ಕುಳಿತು ವಾಚನಗಳು, ಪ್ರತಿಯೊಂದಕ್ಕೂ ಕೀರ್ತನೆ, ಪ್ರಾರ್ಥನೆ. ಪ್ರಾರ್ಥನೆಗೆ ಏಳಬೇಕು. ಏಳುವುದು ಕೂರುವುದರಿಂದ ನಿದ್ದೆಯೂ ದೂರವಾಗುತ್ತದೆ. ಮಹಿಮೆಯ ಗೀತೆಗೆ ಗುರುವಾರದಿಂದ ಮೌನವಾಗಿದ್ದ ಗಂಟೆಗಳೆಲ್ಲ ಬಾರಿಸುತ್ತವೆ. ತೊಡೆಯ ಮೇಲೆ ಮಲಗಿದ ಕೂಸಿನ ಕಿವಿ ಮುಚ್ಚಲು ಸಿದ್ಧರಿರಿ. ರೋಮನರಿಗೆ ಬರೆದ ಪತ್ರದ ನಂತರ ಮೂರು ಸಲ ಏರುವ ಸ್ವರದಲ್ಲಿ ಅಲ್ಲೆಲೂಯ. ಶುಭಸಂದೇಶಕ್ಕೆ ಧೂಪ ಮಾತ್ರ, ಆ ರಾತ್ರಿ ಅದಕ್ಕೆ ಬತ್ತಿ ಹಿಡಿಯುವುದಿಲ್ಲ. ಹೊಸ ಪೂಜಾಸಹಾಯಕ ಹುಡುಗರು ರೂಢಿಯಂತೆ ಬತ್ತಿ ಎತ್ತಿಕೊಂಡು ಹೊರಡುವುದು ಇಲ್ಲಿಯೇ.

ಪ್ರಬೋಧನೆಯ ನಂತರ ಸಂತರ ಪ್ರಾರ್ಥನಾಮಾಲೆ, ನೀರಿನ ಆಶೀರ್ವಾದ, ಜ್ಞಾನಸ್ನಾನದ ಪ್ರತಿಜ್ಞೆಗಳ ನವೀಕರಣ. ಬತ್ತಿ ಮತ್ತೆ ಹೊತ್ತಬೇಕು. ಫಾದರ್ ನೀರು ಪ್ರೋಕ್ಷಿಸುತ್ತ ಬರುವಾಗ ಬತ್ತಿಯನ್ನು ಬದಿಗೆ ಹಿಡಿಯಿರಿ, ಹನಿ ಬಿದ್ದ ಬತ್ತಿ ಚಟಪಟ ಸಿಡಿಯುತ್ತದೆ. ತೀರ್ಥ ತುಂಬಿಸಿಕೊಳ್ಳಲು ಪೂಜೆ ಮುಗಿದ ಕೂಡಲೇ ನುಗ್ಗಬೇಡಿ, ಹತ್ತು ನಿಮಿಷ ಕಾದರೆ ಹಂಡೆಯ ಹತ್ತಿರ ಯಾರೂ ಇರುವುದಿಲ್ಲ.

ಮನೆಗೆ ಬಂದ ಮೇಲೆ

ಬಾಗಿಲಲ್ಲಿ ನಿಂತು ಮನೆಯ ಹಿರಿಯರು ತೀರ್ಥ ಚಿಮುಕಿಸಲಿ, ಪ್ರಾರ್ಥನಾಪೀಠದ ನೇರಳೆ ಬಟ್ಟೆ ತೆಗೆದು ಬಿಳಿ ಹಾಸಿ, ಹೂವಿಡಿ. ಹಳೆಯ ಬಾಟಲಿಯಲ್ಲಿ ಉಳಿದ ತೀರ್ಥವನ್ನು ಗಿಡದ ಬುಡಕ್ಕೆ ಹಾಕಿ, ಮೋರಿಗಲ್ಲ. ರಾತ್ರಿಯ ಜಾಗರಣೆಗೆ ಬಂದವರಿಗೆ ಭಾನುವಾರದ ಪೂಜೆ ಕಡ್ಡಾಯವಲ್ಲ. ಹೋದರೆ ಆ ಪೂಜೆಯಲ್ಲೂ ಪರಮಪ್ರಸಾದ ಸ್ವೀಕರಿಸಬಹುದು. ಬೀಗರ ಕಡೆಯವರು ಬಾಸೆಲ್ ಮಿಷನ್ ಪರಂಪರೆಯ ಪ್ರೊಟೆಸ್ಟಂಟ್ ಸಭೆಯವರಾಗಿದ್ದು ನಸುಕಿನ ಆರಾಧನೆಗೆ ಕರೆದಿದ್ದರೆ ಅಲಾರಂ ಇಟ್ಟೇ ಮಲಗಿ.

ಸೀರೆಗೆ ಮೇಣ ಬಿದ್ದಿದ್ದರೆ ರಾತ್ರಿ ಉಜ್ಜಬೇಡಿ. ಬೆಳಿಗ್ಗೆ ಐಸ್ ಇಟ್ಟು ಗಟ್ಟಿಯಾಗಿಸಿ, ಚಮಚದ ಹಿಂಬದಿಯಿಂದ ಕೆರೆದು, ಮೇಲೆ ಕೆಳಗೆ ಅಚ್ಚಿಲ್ಲದ ಬಿಳಿ ಕಾಗದ ಇಟ್ಟು ಸಾಧಾರಣ ಬಿಸಿ ಇಸ್ತ್ರಿ ಆಡಿಸಿ. ಹತ್ತಿಗೆ ಇದು ಸಾಕು. ರೇಷ್ಮೆಯಾದರೆ ಕೆರೆದಷ್ಟಕ್ಕೆ ನಿಲ್ಲಿಸಿ ಡ್ರೈಕ್ಲೀನಿಂಗ್‌ಗೆ ಕೊಡಿ. ಉಳಿದ ತುಂಡು ಮೇಣದಬತ್ತಿಗಳನ್ನು ಕರೆಂಟು ಹೋದಾಗ ಹಚ್ಚುವ ಡಬ್ಬಿಗೆ ಹಾಕದೆ ಬೇರೆ ಕಾಗದದಲ್ಲಿ ಸುತ್ತಿ, ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾಗಿ ಫಾದರ್ ಪರಮಪ್ರಸಾದ ತಂದಾಗ ಹಚ್ಚಲು ಬೈಬಲಿನ ಪಕ್ಕ ಎತ್ತಿಡಿ.